ಹುಳು ಮನೆ ಬಾಗಿಲಲ್ಲಿ ಬಿಚ್ಚಿಟ್ಟ ಹೂವು

"ಇದು ಯಾರ್ದವ್ವ?"

ಬೀರಯ್ಯನ ಬೆರಳಿನಲ್ಲಿ ನೇತಾಡುತ್ತಿದ್ದುದು ಒಂದು ಮೊಳ ಹೂವು. ಕಾಕಡ, ನಡುನಡುವೆ ಮರುಗ, ಬಾಳೆನಾರಿನಲ್ಲಿ ಕಟ್ಟಿದ್ದು. ರೇಷ್ಮೆ ಸಾಕುವ ಹುಳು ಮನೆಯ ಹೊರಗೋಡೆಯಲ್ಲಿ ಬೀಗ ತೂಗುಹಾಕಲು ಹೊಡೆದಿದ್ದ ಮೊಳೆಗೆ ಅದನ್ನು ಯಾರೋ ಸಿಕ್ಕಿಸಿದ್ದರು. ಬಿಸಿಲಿಗೆ ಕಂದಿ ಕಾಗದದಂತಾಗಿದ್ದರೂ ಮರುಗದ ವಾಸನೆ ಇನ್ನೂ ಬಿಟ್ಟಿರಲಿಲ್ಲ.

ಸಿದ್ದಮ್ಮ ಹೊಸ್ತಿಲ ಒಳಗೇ ನಿಂತು ಹೂವನ್ನು ನೋಡಿದಳು.

"ನಮ್ದಲ್ಲ ಕಣಣ್ಣ. ಹುಳ ಇರೋ ಗಂಟ ಈ ಮನೇಲಿ ಯಾರೂ ಹೂ ಮುಡಿಯಾಕಿಲ್ಲ. ಆ ವಾಸ್ನೆ ಅವಕ್ಕೆ ಆಗಾಕಿಲ್ಲ."

ಈಗ ಹುಳು ಇರಲಿಲ್ಲ. ಗೂಡು ಕಟ್ಟುವುದಕ್ಕೆ ಇನ್ನೇನು ಹಣ್ಣಾಗಬೇಕಿದ್ದ ಬೆಳೆಯೆಲ್ಲ ಹಿಂದಿನ ಭಾನುವಾರ ಸಂಜೆ ಹಸಿರು ನೀರು ಕಕ್ಕಿ ಸತ್ತಿತ್ತು. ಗಂಡ ಚೆಲುವಯ್ಯನಿಂದ ಬಿಡುಗಡೆ ಕೇಳಿ, ಮಗಳನ್ನು ತನ್ನ ಹತ್ತಿರವೇ ಉಳಿಸಿಕೊಳ್ಳಲು ಕೋರ್ಟಿಗೆ ಹೋಗಿದ್ದ ಸಿದ್ದಮ್ಮನಿಗೆ, ಮಗುವನ್ನು ನಾನೇ ಸಾಕಬಲ್ಲೆ ಎಂದು ಹೇಳಿಕೊಳ್ಳಲು ಇದ್ದದ್ದು ಆ ಬೆಳೆಯೊಂದೇ.

ಬೀರಯ್ಯ ಪೊಲೀಸ್ ಕೆಲಸ ಬಿಟ್ಟು ರಾಮನಗರದ ವಕೀಲರಿಗೆ ವಿಚಾರಣೆ ಮಾಡಿಕೊಡುತ್ತಿದ್ದವನು. ಮಾತು ಕಡಿಮೆ. ಒಂದು ಪ್ರಶ್ನೆ ಕೇಳಿ ಸುಮ್ಮನೆ ಕೂರುತ್ತಿದ್ದ. ಎದುರಿನವರು ಆ ಸುಮ್ಮನಿರುವಿಕೆಯನ್ನು ತಾಳಲಾರದೆ ಏನಾದರೂ ಹೇಳಿಬಿಡುತ್ತಿದ್ದರು. ಹೇಳದೇ ಇದ್ದವರ ಬಗ್ಗೆ ಅವನಿಗೆ ಹೆಚ್ಚು ಕುತೂಹಲ.

ಸಿದ್ದಮ್ಮ ಹೇಳದೇ ಇರುವವಳು.

ಒಳಗೆ ಬಿದಿರಿನ ತಟ್ಟೆಗಳು ಅಟ್ಟಣೆಯ ಮೇಲೆ ಖಾಲಿಯಾಗಿ ಕೂತಿದ್ದವು. ನೆಲಕ್ಕೆ ಸುಣ್ಣ ಬಳಿದಾಗಿತ್ತು. ಮೂಲೆಯಲ್ಲಿ ಒಂದು ಪುಟ್ಟ ಮೊರ. ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ ಹುಡುಗಿ ತಲೆಯೆತ್ತಿದಳು. ಸಿದ್ದಮ್ಮನ ಮಗಳು, ಮಾದೇವಿ. ಐದು ತುಂಬುತ್ತಾ ಬಂದಿತ್ತು.

"ನನ್ ಹುಳ ಸತ್ತಿಲ್ಲ," ಎಂದಳು.

ಬೀರಯ್ಯ ಬಗ್ಗಿ ನೋಡಿದ. ಮೊರದಲ್ಲಿ ಒಂದು ಹಿಡಿಯಷ್ಟು ಹುಳುಗಳು. ದಪ್ಪಗೆ, ಬೆಳ್ಳಗೆ, ತಲೆ ತೂಗುತ್ತ ಸೊಪ್ಪು ತಿನ್ನುತ್ತಿದ್ದವು.

"ಭಾನುವಾರಾನೂ ಇಲ್ಲೇ ಇದ್ವಾ ಇವು?"

"ಇನ್ನೆಲ್ಲಿರ್ತವೆ? ಇಲ್ಲೇಯ."

"ಸೊಪ್ಪು ಯಾರು ಹಾಕಿದ್ರು?"

"ನಾನೇ. ಬಾವಿತಾವ್ಲ ಗಿಡದ್ದು. ಮಾವನ ಜೊತೆ ಬೀಗರೂಟಕ್ಕೆ ಹೋಗಾಕೆ ಮುಂಚೆ ಹಾಕ್ಬುಟ್ಟು ಹೋದೆ."

ಒಂದೇ ಕೋಣೆ, ಒಂದೇ ಗಾಳಿ. ಹೊಗೆ ಹಾಕಿದ್ದರೆ, ಗಾಳಿಗೆ ಏನಾದರೂ ಎರಚಿದ್ದರೆ ಇವೂ ಉಳಿಯುತ್ತಿರಲಿಲ್ಲ. ವಿಷ ಬಂದದ್ದು ಸೊಪ್ಪಿನಲ್ಲಿ.

ಮಾದೇವಿ ಎದ್ದು ಬಂದು ಅವನ ಕೈಯಲ್ಲಿದ್ದ ಹೂವಿಗೆ ಮೂಗು ತಾಗಿಸಿದಳು.

"ಹೂವವ್ವನ ವಾಸ್ನೆ."

ಸಿದ್ದಮ್ಮ ಒಂದೇ ಹೆಜ್ಜೆಗೆ ಹೊಸ್ತಿಲು ದಾಟಿ ಮಗುವನ್ನು ತೋಳು ಹಿಡಿದು ಎಳೆದುಕೊಂಡಳು. ಮಗುವಿಗೆ ನೋವಾಗಿರಬೇಕು. ಅಳಲಿಲ್ಲ. ತಾಯಿಯ ಮುಖವನ್ನೇ ನೋಡಿತು.

"ಹೂವವ್ವ ಅಂದ್ರೆ?" ಬೀರಯ್ಯ ಕೇಳಿದ.

"ಅವ್ರು ಮಡಿಕ್ಕಂಡವ್ರಲ್ಲ, ಅವ್ಳು. ಬೈರಮ್ಮ," ಸಿದ್ದಮ್ಮ ಗೋಡೆಗೆ ಹೇಳಿದಳು. "ಕಬ್ಬಾಳಮ್ಮನ ಗುಡಿ ಮುಂದೆ ಹೂ ಕಟ್ತಾಳೆ. ಯುಗಾದಿಗೆ ಮಗೀನ ಅವ್ರಪ್ಪ ಕರ್ಕಂಡೋಗಿದ್ರು. ಜಡೆ ತುಂಬ ಹೂ ಏರ್ಸಿ ಕಳ್ಸಿದ್ಲು. ಮನೇಲಿ ತಾಯಿಲ್ವಾ ಇದ್ಕೆ, ತಲೆ ಬಾಚಾಕೆ?"

"ಆ ಹೂವ ಏನ್ಮಾಡ್ದೆ?"

"ಒಲೆಗಾಕ್ದೆ."

ಗಂಡ ಇನ್ನೊಬ್ಬಳ ಹಿಂದೆ ಹೋದದ್ದನ್ನು ಹೇಳುವಾಗ ಈ ಹೆಂಗಸಿನ ದನಿ ಒಮ್ಮೆಯೂ ಏರಿರಲಿಲ್ಲ. ಮಗುವಿನ ಜಡೆಯ ಮಾತಿಗೆ ಏರಿತು. ಬೀರಯ್ಯ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡ.

ಹಿತ್ತಲ ಗುಂಡಿಯಲ್ಲಿ ಸತ್ತ ಹುಳು, ಉಳಿದ ಸೊಪ್ಪು, ಹಿಕ್ಕೆ ಎಲ್ಲವನ್ನೂ ಸುರಿದು ಸುಣ್ಣ ಎರಚಿದ್ದರು. ಬೀರಯ್ಯ ಕೋಲಿನಿಂದ ಕೆದಕಿದ. ಒಂದು ಎಲೆ ಸಿಕ್ಕಿತು. ಅಂಗೈಗಿಂತ ಅಗಲ, ಅಂಚಿನಲ್ಲಿ ಎಲ್ಲೂ ಸೀಳಿಲ್ಲ. ಕಣ್ವ ಎಂಬ ಹೊಸ ತಳಿ ಹಿಪ್ಪುನೇರಳೆಯ ಸೊಪ್ಪು.

ಅವನು ಬೇಲಿಯಾಚೆ ನೋಡಿದ. ಸಿದ್ದಮ್ಮನ ಅಣ್ಣ ಅವಳಿಗೆಂದು ಬಿಟ್ಟುಕೊಟ್ಟಿದ್ದ ತುಂಡು ಹೊಲದಲ್ಲಿ ಇದ್ದದ್ದು ನಾಟಿ ಹಿಪ್ಪುನೇರಳೆ. ಸಣ್ಣೆಲೆ, ಸೀಳು ಸೀಳು. ಅದೂ ಬರಿ ಕಡ್ಡಿ ನಿಂತಿತ್ತು. ಕೊನೆಯ ವಾರದಲ್ಲಿ ಹುಳು ತಿನ್ನುವ ತಿನಿಸಿಗೆ ಅಷ್ಟು ಹೊಲದ ಸೊಪ್ಪು ಎಲ್ಲಿ ಸಾಕಾದೀತು?

"ಹೊರಗಿಂದ ಸೊಪ್ಪು ತರ್ಸಿದ್ಯಾ ತಾಯಿ?"

ಸಿದ್ದಮ್ಮ ಮಗುವಿನ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಸರಿಸಿದ್ದನ್ನೇ ಮತ್ತೆ ಸರಿಸಿದಳು.

"ಇಲ್ಲ."

ಆ ಇಲ್ಲ ತುಂಬ ತಡವಾಗಿ ಬಂತು.

*

"ಕಣ್ವ ಸೊಪ್ಪಾ?" ವಕೀಲ ಗಫಾರ್ ಟೀ ಲೋಟವನ್ನು ತುಟಿಯ ಹತ್ತಿರವೇ ನಿಲ್ಲಿಸಿದರು. "ಚೆಲುವಯ್ಯನ ತೋಟ ಪೂರಾ ಅದೇ. ಹೋದ ವರ್ಷ ಬೋರ್ ಹಾಕಿಸಿ ನೆಟ್ಟ. ಸಿಕ್ಕಿಬಿದ್ದನಲ್ಲ ಹಾಗಾದ್ರೆ."

ರಾಮನಗರದ ಗೂಡಿನ ಮಾರುಕಟ್ಟೆಯ ಎದುರಿನ ಮಾಳಿಗೆಯಲ್ಲಿ ಅವರ ಆಫೀಸು. ಕೆಳಗೆ ಗೂಡು ತುಂಬಿದ ಚೀಲಗಳು ಬಂದಿಳಿಯುತ್ತಲೇ ಇದ್ದವು. ಆ ವರ್ಷ ಸುತ್ತಲ ನಾಲ್ಕೂ ತಾಲ್ಲೂಕುಗಳ ರಾಗಿ ಹೊಲಗಳು ಹಿಪ್ಪುನೇರಳೆಯಾಗಿದ್ದವು. ಹುಲ್ಲಿನ ಮನೆಗಳು ಹೆಂಚಿನ ಮನೆಗಳಾಗುತ್ತಿದ್ದವು. ಗಫಾರರ ಕೇಸಿನ ಕಟ್ಟುಗಳಲ್ಲಿ ಗಂಡ ಹೆಂಡಿರ ಜಗಳಗಳೂ ಹೆಚ್ಚುತ್ತಿದ್ದವು.

"ಸೊಪ್ಪು ತಾನಾಗೇ ನಡ್ಕಂಡು ಬರಲ್ಲ," ಬೀರಯ್ಯ ಹೇಳಿದ. "ಯಾರೋ ತಂದ್ರು. ಅವಳು ತಗೊಂಡ್ಳು. ಯಾರು ಅಂತ ಹೇಳ್ತಿಲ್ಲ."

"ಹೇಳಲೇಬೇಕು. ಸೋಮವಾರ ವಿಚಾರಣೆ." ಗಫಾರ್ ಲೋಟ ಇಟ್ಟರು. "ನೋಡಿ ಬೀರಯ್ಯನವರೇ, ಐದು ವರ್ಷದೊಳಗಿನ ಮಗು ತಾಯಿ ಹತ್ರ ಇರಲಿ ಅನ್ನೋದು ಕಾನೂನಿನ ವಾಡಿಕೆ. ಮಾದೇವಿಗೆ ಐದು ತುಂಬ್ತಾ ಇದೆ. ಆಮೇಲೆ ಜಡ್ಜ್ ಸಾಹೇಬರು ನೋಡೋದು ಮಗೂಗೆ ಯಾವ ಮನೆ ಒಳ್ಳೇದು ಅಂತ. ಈಯಮ್ಮನ ಬೆಳೆ ಹೋಯ್ತು. ಅದರ ಮೇಲೆ ಆ ಕಡೆಯವರ ತಕರಾರು ಬೇರೆ. ಯಾರೋ ಒಬ್ಬ ಗಂಡಸು ಮೊಪೆಡ್ಡಿನಲ್ಲಿ ಇವಳ ಮನೆಗೆ ಬಂದು ಹೋಗ್ತಾನಂತೆ. ಹೆಸರಿಲ್ಲ, ಮುಖ ಇಲ್ಲ. ಹೆಸರಿಲ್ಲದ ಗಂಡಸನ್ನ ಇಲ್ಲ ಅಂತ ಹೆಂಗ್ರೀ ತೋರಿಸೋದು?"

"ಚೆಲುವಯ್ಯನಿಗೆ ಮಗು ಮೇಲೆ ಅಷ್ಟು ಆಸೆಯಾ?"

"ಮಗು ಮೇಲೋ, ಮಗು ಹಿಂದೆ ಬರೋಳ ಮೇಲೋ." ಗಫಾರ್ ನಕ್ಕರು. "ಹುಡುಗಿ ಹೋದ್ರೆ ತಾಯಿ ಎಷ್ಟು ದಿನ ದೂರ ಇರ್ತಾಳೆ? ಅವನ ಲೆಕ್ಕ ಅದು. ಜೀವನಾಂಶಾನೂ ಉಳೀತು, ಹುಳು ಸಾಕೋಕೆ ಎರಡು ಕೈನೂ ಸಿಕ್ತು. ಆ ಹೂವಿನವಳೂ ಇರಬೇಕು, ಇವಳೂ ಇರಬೇಕು."

ಬೀರಯ್ಯ ಕಿಟಕಿಯಿಂದ ಕೆಳಗೆ ನೋಡುತ್ತ ಕೂತ. ಒಬ್ಬ ರೈತ ತನ್ನ ಗೂಡಿನ ರಾಶಿಯ ಮುಂದೆ ನಿಂತು, ಪಕ್ಕದ ರಾಶಿಯನ್ನೇ ನೋಡುತ್ತಿದ್ದ.

"ಕೇಸು ನಡೀತಿರುವಾಗ ಗಂಡ ಹೆಂಡ್ತಿ ಮತ್ತೆ ಒಂದಾದ್ರೆ ಏನಾಗುತ್ತೆ ಸಾರ್?"

"ಒಳ್ಳೇದಾಗುತ್ತೆ, ನನ್ನ ಫೀಸು ಹೋಗುತ್ತೆ."

"ಒಂದಾಗಿ, ಮತ್ತೆ ಬೇರೆ ಆದ್ರೆ?"

ಗಫಾರರ ನಗು ನಿಂತಿತು. "ಹಳೇ ತಪ್ಪನ್ನೆಲ್ಲ ಹೆಂಡತಿ ಕ್ಷಮಿಸಿದಳು ಅಂತ ಲೆಕ್ಕ. ಕ್ರೌರ್ಯ ಅಂತ, ಇನ್ನೊಬ್ಬಳನ್ನ ಇಟ್ಕೊಂಡಿದ್ದಾನೆ ಅಂತ ನಾವು ಹಾಕಿದ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತೆ. ಯಾಕೆ ಕೇಳಿದ್ರಿ?"

"ಸುಮ್ನೆ."

*

ಶುಕ್ರವಾರ. ಕಬ್ಬಾಳುದುರ್ಗದ ಬಂಡೆ ಊರಿನ ತಲೆಯ ಮೇಲೆ ಬಾಗಿ ನಿಂತಿತ್ತು. ಗುಡಿಯ ಬೀದಿಯಲ್ಲಿ ಜನ, ಕೋಳಿ, ತೆಂಗಿನಕಾಯಿ.

ಹೂವಿನ ಸಾಲಿನಲ್ಲಿ ಬೀರಯ್ಯ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದ. ಎಲ್ಲರೂ ದಾರದಲ್ಲಿ ಕಟ್ಟುತ್ತಿದ್ದರು. ಹುಣಿಸೆಮರದ ಕೆಳಗೆ ಕೂತಿದ್ದ ಒಬ್ಬಳು ಮಾತ್ರ ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಎರಡು ಮೊಗ್ಗು ಅತ್ತ, ಎರಡು ಇತ್ತ, ಒಂದು ಎಸಳು ಮರುಗ, ಗಂಟು. ಬೆರಳುಗಳು ಅವಳ ಕಣ್ಣನ್ನು ಕೇಳದೆ ತಮ್ಮ ಪಾಡಿಗೆ ನಡೆಯುತ್ತಿದ್ದವು.

ಅವನು ಮುಂದೆ ಕೂತು, ಜೇಬಿನಿಂದ ಒಣಗಿದ ಹೂವನ್ನು ತೆಗೆದು ಅವಳ ಬುಟ್ಟಿಯ ಅಂಚಿನಲ್ಲಿಟ್ಟ.

"ಒಣಗೋಗಿರೋ ಹೂವ ಯಾಕ್ ಸಾ ತಂದ್ರಿ? ಅಮ್ಮನಿಗೆ ಏರ್ಸಾಕಾಗಾಕಿಲ್ಲ."

"ಏರ್ಸಾಕಲ್ಲ. ಯಾರೋ ಮರ್ತು ಬುಟ್ಟೋಗಿದ್ರು. ಕೊಟ್ಟೋಗಾನ ಅಂತ ಬಂದೆ."

ಬೆರಳುಗಳು ಇನ್ನೊಂದು ಗಂಟು ಹಾಕಿದವು. ಆಮೇಲೆ ನಿಂತವು.

"ಪೊಲೀಸಾ?"

"ಇದ್ದೆ. ಈಗಿಲ್ಲ."

"ಕೆಲ್ಸ ಬುಟ್ರೂ ಕಣ್ಣು ಬುಡ್ನಿಲ್ಲ ನಿಮ್ಗೆ." ಬೈರಮ್ಮ ನಕ್ಕಳು. ಮೂವತ್ತರ ಆಸುಪಾಸಿನ ಹೆಂಗಸು, ಅಗಲ ಮುಖ, ತುಂಬಿದ ತುರುಬು. "ಹೂವ ಎಲ್ಲಾರೂ ಮುಡೀತಾರೆ. ನಂದೇ ಅಂತ ಎಂಗೇಳ್ತೀರಿ?"

ಬೀರಯ್ಯ ಅವಳ ಮಡಿಲಲ್ಲಿದ್ದ ಹೊಸ ಮಾಲೆಯ ತುದಿಯನ್ನು ಎತ್ತಿ ಒಣಗಿದ ಹೂವಿನ ಪಕ್ಕದಲ್ಲಿಟ್ಟ. ಅದೇ ನಾರು, ಅದೇ ಗಂಟು.

ಒಬ್ಬಳು ಬಂದು ಎರಡು ಮೊಳ ಕೇಳಿದಳು. ಬೈರಮ್ಮ ಅಳೆದು ಕೊಟ್ಟಳು. ಇನ್ನೊಬ್ಬಳು ಚೌಕಾಸಿ ಮಾಡಿದಳು. "ಅಮ್ಮನಿಗೆ ಹಾಕೋ ಹೂವಿಗೂ ಕೊಸರಾಡ್ತೀಯಲ್ಲವ್ವ, ಅಮ್ಮ ವರ ಕೊಡೋವಾಗ ಕೊಸರಾಡುದ್ರೆ?" ಎಂದು ಕಳಿಸಿದಳು. ಬೀರಯ್ಯ ಕೂತೇ ಇದ್ದ.

"ಹೋಗಾಕಿಲ್ವಾ ನೀವು?"

"ಬಿಸ್ಲು. ಒಸಿ ನೆರಳೈತೆ ಇಲ್ಲಿ."

ಸ್ವಲ್ಪ ಹೊತ್ತಾದ ಮೇಲೆ ಬೈರಮ್ಮ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿದಳು.

"ನಿಮ್ಗೆ ಹುಳ ತಿನ್ನೋ ಸದ್ದು ಗೊತ್ತಾ ಸಾ?"

"ಗೊತ್ತು."

"ನಂಗೆ ಗೊತ್ತಿರ್ನಿಲ್ಲ. ಹುಳು ಸಾಕೋನ ಮನೇಲೇ ಇವ್ನಿ. ಅಡಿಗೆ ಮಾಡ್ತೀನಿ, ದನ ಕಟ್ತೀನಿ, ಸೊಪ್ಪು ಕುಯ್ದು ಹೊಸ್ಲುಗಂಟ ತಂದಾಕ್ತೀನಿ. ಒಳೀಕೆ ಮಾತ್ರ ಬುಡಾಕಿಲ್ಲ. ನಿನ್ ಕೈಯೆಲ್ಲ ಹೂವಿನ ವಾಸ್ನೆ, ಹುಳ ಕೆಡ್ತವೆ ಅಂತಾನೆ. ಬೂದಿ ಹಾಕಿ ಉಜ್ಜುದೆ. ಸೀಗೆಪುಡಿ ಹಾಕಿ ಉಜ್ಜುದೆ. ಚರ್ಮ ಕಿತ್ಕಂಡು ಬಂತು. ಮೂಸಿ ನೋಡ್ಬುಟ್ಟು, ಇನ್ನೂ ಐತೆ ಹೋಗು ಅಂದ."

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು.

"ಅವ್ಳಿಗೆ ಈ ಕಾಟ ಇರ್ನಿಲ್ಲ. ಅವ್ರಿಬ್ರೂ ಹುಳು ಮನೆ ಒಳ್ಗೇ ಸಂಸಾರ ಮಾಡ್ದೋರು. ಇವ್ನು ಸೊಪ್ಪು ಎರಚೋದು, ಅವ್ಳು ಹರವೋದು. ಕುಡ್ದಾಗ ಹೇಳ್ತಾನೆ. ಒಣಗಿದ್ ಎಲೆ ಮ್ಯಾಲೆ ಯಾರೋ ಮೆಲ್ಲುಗೆ ನಡ್ದಂಗೆ ಕೇಳ್ತದಂತೆ ಆ ಸದ್ದು. ಸಿದ್ದಿ ಕಣ್ಮುಚ್ಕಂಡು ಕೇಳ್ಸ್ಕೊಳ್ಳೋಳಂತೆ. ನನ್ ಪಕ್ಕದಲ್ಲೇ ಮಲೀಕ್ಕಂಡು ಹೇಳ್ತಾನೆ ಸಾ, ಇದ್ನ."

ಬೀರಯ್ಯ ನೆಲದ ಮೇಲೆ ಬಿದ್ದಿದ್ದ ನಾರಿನ ಚೂರನ್ನು ನೋಡುತ್ತಿದ್ದ.

"ಸೊಪ್ಪಿಗೆ ಔಷಧಿ ಹೊಡ್ದೋಳು ನೀನಾ?"

ಅವಳು ಇಲ್ಲ ಎನ್ನಲಿಲ್ಲ.

"ನಮ್ ಹುಳ ಆಗ್ಲೇ ಗೂಡು ಕಟ್ಟಾಕೆ ಹತ್ತಿದ್ವು. ಅವಕ್ಕೆ ಸೊಪ್ಪು ಬೇಕಾಗಿರ್ನಿಲ್ಲ. ಆದ್ರೂ ಇವ್ನು ದಿನಾ ಕಡೇ ಸಾಲಲ್ಲಿ ಕುಯ್ಯೋನು. ಗೋಣಿ ಒದ್ದೆ ಮಾಡೋನು, ಮೊಪೆಡ್‌ಗೆ ಕಟ್ಟೋನು, ಚನ್ನಪಟ್ಣದಲ್ಲಿ ಕೆಲ್ಸ ಐತೆ ಅನ್ನೋನು. ಎಲ್ಲೀಗೆ ಅಂತ ಗೊತ್ತಾಗ್ದೆ ಇರ್ತದಾ? ನನ್ನ ಹುಳು ಮನೆ ಹೊಸ್ಲು ದಾಟಾಕೆ ಬುಡ್ದೋನು, ಅವ್ಳ ಹುಳಕ್ಕೆ ತಲೆ ಮ್ಯಾಲೆ ಹೊತ್ಕಂಡು ಹೋಗ್ತಾವ್ನೆ. ಶನ್ವಾರ ಸಂಜೆ ಆ ಸಾಲಿಗೆ ಹೊಡ್ದೆ."

"ಚೆಲುವಯ್ಯನಿಗೆ ಗೊತ್ತಿತ್ತಾ?"

"ಅವ್ನಿಗೆ ಯಾನ್ ಗೊತ್ತು. ಅವ್ನು ತಣ್ಣಗೆ ಕುಯ್ದ, ಕಟ್ದ, ಹೋದ. ನಾನು ಅಲ್ಲೇ ನಿಂತ್ಕಂಡು ನೋಡ್ತಿದ್ದೆ."

"ಆಮೇಲೆ ನೀನೂ ಹೋದೆ."

"ಹೋದೆ."

"ಸತ್ವೋ ಇಲ್ವೋ ನೋಡಾಕೆ?"

ಬೈರಮ್ಮ ತಲೆಯೆತ್ತಿದಳು. ಅವಳಿಗೆ ಮೊದಲ ಸಲ ಸಿಟ್ಟು ಬಂದಿತ್ತು.

"ಹಾಕ್ಬ್ಯಾಡ್ರಿ ಅನ್ನಾಕೆ. ಮೊಪೆಡ್ ಸದ್ದು ಹೋದ್ಮ್ಯಾಲೆ ಮನ್ಸು ತಡೀನಿಲ್ಲ. ನನ್ ಸಿಟ್ಟು ಅವ್ಳ ಮ್ಯಾಲೆ. ಹುಳ ಏನ್ ಮಾಡಿದ್ವು? ಬುಟ್ಟಿ ಇಲ್ಲೇ ಬುಟ್ಟು ಸಿಕ್ಕಿದ್ ಬಸ್ ಹತ್ತುದೆ. ಬಾಗ್ಲಲ್ಲಿ ನೀರಿತ್ತು, ಕಾಲು ತೊಳ್ಕಂಡೆ. ಸುಣ್ಣ ತುಳ್ಕಂಡೆ. ಹೂವ ತೆಗ್ದು ಮೊಳೆಗಾಕ್ದೆ."

"ಹೂವ ಯಾಕ್ ತೆಗ್ದೆ?"

"ಹುಳು ಮನೆ ಅಲ್ವಾ ಸಾ. ಹೂವ ಮುಡ್ಕಂಡು ಒಳೀಕೆ ಹೋದ್ರೆ ಹುಳಕ್ಕೆ..."

ಅಲ್ಲಿಗೆ ನಿಲ್ಲಿಸಿದಳು. ತಾನು ಆಡಿದ್ದು ತನಗೇ ಕೇಳಿಸಿತೆನ್ನುವಂತೆ ಸ್ವಲ್ಪ ಹೊತ್ತು ಬೀರಯ್ಯನನ್ನು ನೋಡಿದಳು. ನಗಲು ಹೋದಳು. ತುಟಿ ಅಷ್ಟೇ ಅಲ್ಲಾಡಿತು.

ಬೀದಿಯ ಆ ಕಡೆ ತಮಟೆ ಬಡಿಯುತ್ತ ಒಂದು ಗುಂಪು ಗುಡಿಯತ್ತ ಹೋಯಿತು. 

"ಹಾಕ್ಬ್ಯಾಡ್ರಿ ಅನ್ಲಿಲ್ಲ ನೀನು."

"ಬಾಗ್ಲು ಓರೆ ಆಗಿತ್ತು. ಆ ಸದ್ದು ಕೇಳುಸ್ತು. ಅವ್ನು ಹೇಳ್ದಂಗೇ ಇತ್ತು ಸಾ. ಎಲೆ ಮ್ಯಾಲೆ ನಡ್ದಂಗೆ. ಒಂದ್ ತಟ್ಟೆಗೆ ಹಾಕಿದ್ರು, ಇನ್ನೂ ಸೊಪ್ಪಿತ್ತು ಗೋಣೀಲಿ. ಟೈಮಿತ್ತು. ಬಾಯ್ ತುದೀಲಿತ್ತು ಮಾತು. ಇಬ್ರೂ ನಿಂತಿದ್ರು. ಅವ್ಳು ಕಣ್ಮುಚ್ಕಂಡಿದ್ಲು. ಅವ್ನ ಕೈ ಅವ್ಳ ಹೊಟ್ಟೆ ಮ್ಯಾಲಿತ್ತು."

ಬೀರಯ್ಯ ಕಣ್ಣೆತ್ತಿದ.

"ಅಂಗೆ ಕೈ ಇಡೋದು ಯಾವಾಗ ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು. ನಾನು ಈ ಅಮ್ಮನಿಗೆ ಎಷ್ಟು ಹೂ ಏರ್ಸಿವ್ನಿ ಸಾ. ಮಾರೋದಲ್ಲ, ನಾನೇ ಏರ್ಸಿರೋದು. ನನ್ ಹೊಟ್ಟೆ ಮ್ಯಾಲೆ ಆ ಕೈ ಒಂದಿನ ಬರ್ನಿಲ್ಲ." ಅವಳ ದನಿ ತೀರ ತಗ್ಗಿತ್ತು. "ಅವ್ಳು ಎಲ್ಡನೇ ತಟ್ಟೆ ಎಳ್ಕಂಡ್ಳು. ಮೂರ್ನೇದು. ನಾನು ನೋಡ್ತಾನೇ ನಿಂತಿದ್ದೆ. ಬಾಯಿ ಬುಡ್ನಿಲ್ಲ. ಆಮ್ಯಾಕೆ ವಾಪಸ್ ಬಂದ್ಬುಟ್ಟೆ. ಹೂವ ಜ್ಞಾಪ್ಕ ಬಂದಿದ್ದು ಬಸ್ಸಲ್ಲಿ."

ಔಷಧಿ ಹೊಡೆದದ್ದಕ್ಕೆ ಅವಳು ಕಣ್ಣು ತಗ್ಗಿಸಿರಲಿಲ್ಲ. ಇದಕ್ಕೆ ತಗ್ಗಿಸಿದಳು.

"ಇದ್ನೆಲ್ಲ ಚೆಲುವಯ್ಯನಿಗೆ ಹೇಳಿದ್ಯಾ?"

"ಇಲ್ಲ. ಇನ್ನೊಂದ್ ತಮಾಸೆ ಕೇಳಿ." ಬುಟ್ಟಿಯ ಬಟ್ಟೆ ಸರಿಸಿ ಅವಳು ಮತ್ತೆ ಹೂವು ಕೈಗೆತ್ತಿಕೊಂಡಳು. "ಸೋಮ್ವಾರ ಕೋರ್ಟ್‌ಗೆ ನಾನೂ ಬರ್ಬೇಕಂತೆ. ಹೂ ಮಾರಾಕೆ ಹೊಂಗನೂರಿಗೆ ಹೋಗಿದ್ದೆ, ಸಿದ್ದಿ ಹುಳು ಮನೇಲಿ ಯಾರೋ ಗಂಡ್ಸು ಇದ್ದ, ಮುಖ ಕಾಣ್ನಿಲ್ಲ ಅಂತ ಹೇಳ್ಬೇಕಂತೆ. ಇವ್ನು ನಂಗೆ ಬಾಯಿಪಾಠ ಮಾಡುಸ್ತಾವ್ನೆ. ನಾನು ನಿಜ್ವಾಗ್ಲೂ ಹೋಗಿದ್ದೆ ಅಂತ ಅವ್ನಿಗೆ ಗೊತ್ತೇ ಇಲ್ಲ."

"ಹೇಳುದ್ರೆ?"

"ತಾಳಿ ಕಟ್ತಾನಂತೆ. ಮಾದೇವಿ ನಮ್ಮನೇಗೇ ಬತ್ತಳಂತೆ." ಒಂದು ಗಂಟು ಬಿತ್ತು. "ನನ್ನ ಹೂವವ್ವ ಅಂತಾಳೆ, ಗೊತ್ತಾ?"

"ಹೇಳ್ತೀಯಾ ಹಂಗಾರೆ?"

ಎರಡು ಮೊಗ್ಗು ಅತ್ತ, ಎರಡು ಇತ್ತ, ಒಂದು ಎಸಳು ಮರುಗ.

ಬೀರಯ್ಯ ಕಾದ. ಅವನ ಮೌನ ಎಂಥವರನ್ನೂ ಬಗ್ಗಿಸಿತ್ತು. ಆ ಮಧ್ಯಾಹ್ನ ಬಗ್ಗಿಸಲಿಲ್ಲ. ಕೊನೆಗೆ ಅವನೇ ಎದ್ದ.

*

ಬೀರಯ್ಯ ಸಿದ್ದಮ್ಮನ ಊರು ಹೊಂಗನೂರಿಗೆ ಬಂದಾಗ ಇನ್ನೂ ಬಿಸಿಲಿತ್ತು. ಮಾದೇವಿಯ ಮೊರದ ಹುಳುಗಳು ಹಣ್ಣಾಗಿ ಮೈ ಗಾಜಿನಂತೆ ಹೊಳೆಯುತ್ತಿದ್ದವು. ಗೂಡು ಕಟ್ಟಲಿ ಎಂದು ತಾಯಿ ಮಗಳು ಅವನ್ನು ಒಂದೊಂದಾಗಿ ಹೆಕ್ಕಿ ಚಂದ್ರಿಕೆಯ ಬಿದಿರು ಸುತ್ತುಗಳ ನಡುವೆ ಬಿಡುತ್ತಿದ್ದರು. ಇಡೀ ಚಂದ್ರಿಕೆಯಲ್ಲಿ ಒಂದು ಮೂಲೆ ಮಾತ್ರ ತುಂಬಿತ್ತು.

"ಮಗ, ಬಾವಿತಾವ್ಲ ಗಿಡದಲ್ಲಿ ಹಣ್ಣೈತಾ ನೋಡ್ಕಂಡು ಬಾ," ಸಿದ್ದಮ್ಮ ಹೇಳಿದಳು. ಬೀರಯ್ಯನ ಮುಖ ನೋಡಿಯೇ ಅವಳಿಗೆ ತಿಳಿದಿತ್ತು.

ಮಗು ಓಡಿತು.

"ಸೊಪ್ಪು ತಂದೋನು ಚೆಲುವಯ್ಯ," ಬೀರಯ್ಯ ಹೇಳಿದ.

ಸಿದ್ದಮ್ಮ ಕೈಯಲ್ಲಿದ್ದ ಹುಳುವನ್ನು ಮೆಲ್ಲಗೆ ಬಿಟ್ಟಳು.

"ಸೊಪ್ಪು ಸಾಲ್ದೆ ಬಂತು. ಎಲ್ಲಿ ಕೇಳುದ್ರೂ ಇಲ್ಲ. ಅದ್ಯಾರಿಂದ ತಿಳೀತೋ, ಒಂದಿನ ತಂದಾಕುದ್ರು. ಹುಳ ಹಸಿದಿದ್ವು ಅಣ್ಣ. ಬ್ಯಾಡ ಅನ್ನಾಕಾಗ್ನಿಲ್ಲ. ಅದಕ್ಕೆ ಮುಂಚ್ಲಿಂದ್ಲೂ ಬಂದೋಗ್ತಿದ್ರು." ಅವಳು ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. "ಭಾನುವಾರ, ಕೇಸ್ ವಾಪಸ್ ತಗೋ, ನಡಿ ಮನೆಗೆ ಅಂದ್ರು. ಆ ಹೂವಿನೋಳು ಹೊರೀಕೆ ಹೋದ್ರೆ ನೋಡಾನ ಅಂದೆ. ಮುಖ ಗಂಟಾಕ್ಕಂಡು ಹೋದ್ರು. ಸಂಜೀಕೆ ಹುಳ ಸತ್ವು. ಹಟಕ್ಕೆ ಅವ್ರೇ ಸಾಯ್ಸಿದ್ರು."

"ಅವ್ನಲ್ಲ."

ಕಬ್ಬಾಳಿನಲ್ಲಿ ಕೇಳಿದ್ದನ್ನು ಬೀರಯ್ಯ ಹೇಳಿದ. ಔಷಧಿ, ಬಸ್ಸು, ಮೊಳೆಗೆ ಹಾಕಿದ ಹೂವು, ಓರೆ ಬಾಗಿಲು. ಸಿದ್ದಮ್ಮ ಮುಗಿದ ಮೇಲೆ ಒಂದೇ ಕೇಳಿದಳು.

"ಯಾನ್ ನೋಡುದ್ಲಂತೆ?"

ಕೇಳುವ ಹೊತ್ತಿಗೆ ಅವಳ ಕೈ ತಾನಾಗಿಯೇ ಸೆರಗಿನ ಕೆಳಗೆ ಹೋಗಿತ್ತು.

"ವಕೀಲರಿಗೆ ಹೇಳ್ಬೇಕು ಇದ್ನ," ಎಂದ ಬೀರಯ್ಯ. "ಬಂದೋಗ್ತಿದ್ದೋನು ಗಂಡನೇ ಅಂತ ಹೇಳ್ಬುಡು. ಬಿಡುಗಡೆ ಅರ್ಜಿ ಬಿದ್ರೆ ಬೀಳ್ಲಿ. ಮಾನ ಉಳೀತದೆ. ಮಗೀನ ಬ್ಯಾರೆ ಅರ್ಜಿ ಹಾಕಿ ಕೇಳಾನ."

"ನಾನು ಹೇಳುದ್ರೆ ಆಯ್ತಾ? ಮೊನ್ನೆ ಸಂತೇಲಿ ಸಿಕ್ಕಿದ್ರು. ನಿನ್ ತಾವ್ಕೆ ನಾನು ಬಂದೇ ಇಲ್ಲ ಅಂತೀನಿ ಕೋರ್ಟಲ್ಲಿ, ಬಂದೋನು ಯಾರು ಅಂತ ನೀನೇ ಹೇಳ್ಕೋ ಅಂದ್ರು. ನಗ್ತಾ ಅಂದ್ರು." ಸಿದ್ದಮ್ಮ ಚಂದ್ರಿಕೆಯ ಅಂಚು ಹಿಡಿದು ನಿಂತಳು. "ಇನ್ನೊಂದ್ ತಿಂಗ್ಳಿಗೆ ಇದು ಎಲ್ಲಾರ್ಗೂ ಕಾಣ್ತದೆ. ಅವ್ರು ಬಂದೇ ಇಲ್ಲ ಅಂದ್ಮ್ಯಾಕೆ ಇದ್ಯಾರ್ದು ಅಂತಾರೆ. ಇಂಥೋಳ ತಾವ ಹೆಣ್ಮಗೀನ ಬುಡ್ತಾರಾ ಅಣ್ಣ?"

"ಅವ್ನು ಬಂದಿದ್ನ ನೋಡ್ದೋರು ಇನ್ಯಾರಾದ್ರೂ ಅವ್ರಾ?"

ಸಿದ್ದಮ್ಮ ಅವನನ್ನೇ ನೋಡಿದಳು. ಇಬ್ಬರಿಗೂ ಉತ್ತರ ಗೊತ್ತಿತ್ತು. ನೋಡಿದವಳು ಒಬ್ಬಳೇ.

"ಅವ್ಳಾ," ಎಂದಳು ಸಿದ್ದಮ್ಮ. ಅದನ್ನು ಹೇಳುವಾಗ ಅವಳ ಬಾಯಿ ಕಹಿ ಕುಡಿದಂತಾಯಿತು. "ಅವ್ಳ ಬಾಯಲ್ಲಿ ಐತಾ ನನ್ ಮಗೀನ ಗತಿ."

*

ಸೋಮವಾರ ಕೋರ್ಟಿನ ಜಗುಲಿ ತುಂಬಿತ್ತು. ಚೆಲುವಯ್ಯ ಗರಿಗರಿ ಟೆರಿಕಾಟ್ ಅಂಗಿ ತೊಟ್ಟು ತನ್ನ ವಕೀಲರ ಪಕ್ಕದಲ್ಲಿ ನಿಂತಿದ್ದ. ಎತ್ತರದ ಆಳು, ನಗುಮುಖ. ಮಾದೇವಿಗೆ ತಂದಿದ್ದ ಚನ್ನಪಟ್ಟಣದ ಬೊಂಬೆಯೊಂದು ಅವನ ಕೈಯಲ್ಲಿತ್ತು. ಮಗು ಬೊಂಬೆಯನ್ನು ನೋಡುತ್ತ ತಾಯಿಯ ಸೀರೆ ಬಿಡದೆ ನಿಂತಿತ್ತು.

ಗಫಾರರಿಗೆ ಬೀರಯ್ಯ ಭಾನುವಾರವೇ ಎಲ್ಲ ಹೇಳಿದ್ದ. ಅವರು ಬಹಳ ಹೊತ್ತು ಕನ್ನಡಕ ಒರೆಸಿ, "ಅವರ ಸಾಕ್ಷಿ ಮೇಲೆ ನಮ್ಮ ಕೇಸು ನಿಂತಿದೆ ಅನ್ನಿ," ಎಂದಿದ್ದರು. ಅದಾದ ಮೇಲೆ ಅವರು ತಮಾಷೆ ಮಾಡಿರಲಿಲ್ಲ.

ಬೈರಮ್ಮ ಗೇಟಿನೊಳಗೆ ಬಂದಳು. ಹೊಸ ಸೀರೆ, ತುರುಬಿನ ತುಂಬ ಕಾಕಡ, ಮರುಗ. ಚೆಲುವಯ್ಯ ಅವಳ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದ. ಅವಳು ತಲೆಯಾಡಿಸಿದಳು. ಅವಳ ಕಣ್ಣು ಮಾತ್ರ ಸಿದ್ದಮ್ಮನ ಸೆರಗಿನ ಮೇಲಿತ್ತು. ಸಿದ್ದಮ್ಮನ ಕಣ್ಣು ಅವಳ ಹೂವಿನ ಮೇಲೆ. ಮದುವೆಯ ದಿಬ್ಬಣದಲ್ಲಿ ಎರಡು ಕಡೆಯ ಹೆಂಗಸರು ಒಡವೆ ನೋಡುವ ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಹೂವವ್ವ," ಎಂದಿತು ಮಗು.

ಸಿದ್ದಮ್ಮ ಈ ಸಲ ಅದರ ತೋಳನ್ನು ಎಳೆಯಲಿಲ್ಲ.

ಮೊದಲು ಚೆಲುವಯ್ಯ ಕಟಕಟೆ ಹತ್ತಿದ. ಬೇರೆಯಾದ ದಿನದಿಂದ ಹೆಂಡತಿಯ ಮನೆ ಹೊಸ್ತಿಲು ತುಳಿದಿಲ್ಲ ಎಂದು ನೆಟ್ಟಗೆ ಜಡ್ಜರನ್ನು ನೋಡಿ ಹೇಳಿದ. ಅವನು ಇಳಿದು ಬಂದು ಬಾಗಿಲ ಬಳಿ ನಿಂತ.

ಪೇದೆ ಹೊರಗೆ ಬಂದು ಕೂಗಿದ. "ಬೈರಮ್ಮ, ಕಬ್ಬಾಳು ಬೈರಮ್ಮ."

ಅವಳು ಎದ್ದಳು. ಬಾಗಿಲವರೆಗೆ ನೆಟ್ಟಗೆ ನಡೆದಳು. ಹೊಸ್ತಿಲ ಹತ್ತಿರ ನಿಂತಳು.

ಪೇದೆ, "ಬಾರಮ್ಮ, ಹೊತ್ತಾಯ್ತು," ಎಂದ.

ಬೈರಮ್ಮ ಚಪ್ಪಲಿ ಬಿಟ್ಟಳು. ಎರಡೂ ಕೈಯನ್ನು ತಲೆಯ ಹಿಂದಕ್ಕೆ ಒಯ್ದು ತುರುಬಿನಿಂದ ಹೂವನ್ನು ಬಿಡಿಸಿದಳು. ಜಗುಲಿಯ ನೋಟೀಸು ಹಲಗೆಯ ಮೊಳೆಗೆ ಅದನ್ನು ಸಿಕ್ಕಿಸಿದಳು.

ಚೆಲುವಯ್ಯ ಅದನ್ನು ನೋಡಿದ. ಹುಳು ಸಾಕುವವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಇಲ್ಲಿ, ಇವಳು, ಯಾಕೆ? ಅವನ ಮುಖದ ನಗು ಅಲ್ಲೇ ಉಳಿದು, ಒಳಗಿನದು ಖಾಲಿಯಾಗುತ್ತಿರುವುದು ಬೀರಯ್ಯನಿಗೆ ಕಂಡಿತು.

ಹೊಂಗನೂರಿನಲ್ಲಿ ಹೊಸ್ತಿಲ ಆಚೆಯೇ ನಿಂತಿದ್ದವಳು ಈ ಸಲ ದಾಟಿ ಒಳಗೆ ಹೋದಳು.

ಪ್ರಮಾಣ ಮಾಡಿಸಿದರು. ಚೆಲುವಯ್ಯನ ವಕೀಲರು ಗಂಟಲು ಸರಿಮಾಡಿಕೊಂಡರು.

"ಆ ಭಾನುವಾರ ನೀನು ಹೊಂಗನೂರಿಗೆ ಹೋಗಿದ್ದೆಯಾ?"

"ಹೋಗಿದ್ದೆ."

"ಸಿದ್ದಮ್ಮನ ಹುಳು ಮನೆಯಲ್ಲಿ ಒಬ್ಬ ಗಂಡಸನ್ನು ನೋಡಿದೆಯಾ?"

"ನೋಡ್ದೆ."

"ಅವನ ಮುಖ ಕಾಣಿಸಿತಾ?"

ಬೈರಮ್ಮ ವಕೀಲರನ್ನು ನೋಡಲಿಲ್ಲ, ಚೆಲುವಯ್ಯನನ್ನೂ ನೋಡಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಸಿದ್ದಮ್ಮನ ಹೊಟ್ಟೆಯನ್ನು ನೋಡಿದಳು. ಅಲ್ಲಿ, ಸೆರಗಿನ ಮೇಲೆ, ಮಾದೇವಿ ತಲೆಯಿಟ್ಟು ಒರಗಿದ್ದಳು.

 ಬೈರಮ್ಮ ಬಾಯಿ ತೆರೆದಳು.